ಹಸೀನಾ ಬಿಟ್ಟ ಗುಳಿಗೆ

ಹುಸೇನಬಿ ಮತ್ತು ಅವಳ ತಂಗಿ ಹಸೀನಾ ಸಿಂದಗಿ ಕಡೆಯಿಂದ ಗೋವೆಗೆ ಬಂದಾಗ ಇಬ್ಬರೂ ಸಣ್ಣವರು. ಅಪ್ಪ, ಅವ್ವ ಅಲ್ಲಿಯ ಕೆಪೆ ಊರಿನಲ್ಲಿ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದರು. ಸಂಸಾರ ತಗಡಿನ ಶೆಡ್ಡಿನಲ್ಲಿ. ಒಂದು ಮಳೆಗಾಲ ಇಬ್ಬರಿಗೂ ಗಂಟಲು ಕೆರಳಿತು, ಹಿಂದೆಯೇ ಜ್ವರ ಬಂತು, ಮೊಣಕಾಲು ಬಾತುಕೊಂಡವು. ಕೆಲ ದಿನಗಳಲ್ಲಿ ಜ್ವರ ಇಳಿಯಿತು, ಬಾವೂ ಹೋಯಿತು. ಹೋಗುವಾಗ ಅದು ಇಬ್ಬರ ಹೃದಯದ ಕವಾಟವನ್ನೂ ಕೆಡಿಸಿ ಹೋಗಿತ್ತು ಎಂಬುದು ಯಾರಿಗೂ ಗೊತ್ತಾಗಲಿಲ್ಲ.

ಮೊದಲು ದಮ್ಮು ಹತ್ತಿದ್ದು ಹುಸೇನಬಿಗೆ. ಮಡಗಾಂವ್ ಮಾರ್ಕೆಟ್ಟಿನ ಹಮಾಲ ಶಫೀಸಾಬನನ್ನು ಮದುವೆಯಾಗಿ ವರ್ಷ ತುಂಬಿರಲಿಲ್ಲ. ನೀರು ಹೊತ್ತು ತರುವಷ್ಟರಲ್ಲಿ ಕೊಡ ಇಳಿಸಿ ದಾರಿಯಲ್ಲೇ ಕುಳಿತುಬಿಡುತ್ತಿದ್ದಳು. ಕವಾಟ ಸಣ್ಣದಾಗಿದೆ ಎಂದು ಡಾಕ್ಟರರು ಮುಂಬಯಿಗೆ ಕಳಿಸಿದರು. ಅದು ೧೯೮೩. ಅಲ್ಲಿ ಪಕ್ಕೆಯನ್ನು ಕೊಯ್ದು, ಹೃದಯದೊಳಕ್ಕೆ ಬೆರಳು ತೂರಿಸಿ, ಅಂಟಿಕೊಂಡಿದ್ದ ಕವಾಟವನ್ನು ಬಿಡಿಸಿದರು. ಅವಳು ಎದ್ದು ಓಡಾಡಿದಳು, ಎರಡು ಮಕ್ಕಳನ್ನು ಹೆತ್ತಳು, ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಮಾರಲು ಕುಳಿತಳು.

ಹಸೀನಾಳ ಸರದಿ ಬಂದಾಗ ೧೯೯೧. ಅವಳ ಕವಾಟ ಸಣ್ಣದಾಗಿದ್ದಲ್ಲದೆ ಸೋರುತ್ತಲೂ ಇತ್ತು. ಬಿಡಿಸಿ ಸರಿಮಾಡುವ ಹಾಗಿರಲಿಲ್ಲ. ಅದನ್ನು ತೆಗೆದು ಲೋಹದ ಕವಾಟ ಕೂಡಿಸಿದರು. ಪಕ್ಕದಲ್ಲಿ ಕುಳಿತವರಿಗೂ ಅದರ ಟಿಕ್ ಟಿಕ್ ಕೇಳುತ್ತಿತ್ತು. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಬದುಕಿರುವವರೆಗೆ ಗುಳಿಗೆ ನುಂಗಬೇಕು. ಬಸಿರಾಗುವ ಮನಸ್ಸಿದ್ದರೆ ಮೊದಲೇ ತಿಳಿಸು, ಆ ಗುಳಿಗೆ ಕೂಸಿಗೆ ಒಳ್ಳೆಯದಲ್ಲ, ಬದಲಿಗೆ ಇಂಜೆಕ್ಷನ್ ಕೊಡುತ್ತೇವೆ, ನೀನಾಗಿಯೇ ಮಾತ್ರ ಬಿಡಬೇಡ ಎಂದು ಡಾಕ್ಟರರು ಬಿಡಿಸಿ ಹೇಳಿದ್ದರು. ಅವಳ ಗಂಡ ಗೂಡುಸಾಬ ಮಡ್ಕಯಿಯ ಫ್ಯಾಕ್ಟರಿಗಳಿಗೆ ಲಾರಿ ಹೊಡೆಯುತ್ತಿದ್ದ. ತನಗೆ ಮಕ್ಕಳೇ ಬೇಡ, ಇವಳಿದ್ದರೆ ಸಾಕು ಎನ್ನುತ್ತಿದ್ದ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಹಸೀನಾ ಮಾರ್ಕೆಟ್ಟಿಗೆ ಬಂದು ಅಕ್ಕನ ಪಕ್ಕ ಕುಳಿತಳು.

"ಅಕ್ಕಾ, ನನಗ ದಿನ ಹೋಗ್ಯಾವ. ಗುಳಿಗಿ ಬಿಟ್ಟೇನಿ."

"ಡಾಕ್ಟರಿಗೆ ಹೇಳೀಯೇನು?"

"ಹೇಳಿದ್ರ ತೆಗಸು ಅಂತಾರ. ನೀ ಎರಡು ಹಡದೀ ಅಕ್ಕಾ. ನನಗ ಒಂದರ ಬ್ಯಾಡೇನು? ನಮ್ಮನಿಯವರಿಗೆ ಹೇಳಬ್ಯಾಡ."

ಹುಸೇನಬಿ ಕೊತ್ತಂಬರಿ ಕಟ್ಟುಗಳ ಮೇಲೆ ನೀರು ಚಿಮುಕಿಸಿದಳು. ಈದ್ ಮುಗಿದ ಕೂಡಲೇ ಇಬ್ಬರೂ ಡಾಕ್ಟರರಲ್ಲಿಗೆ ಹೋಗೋಣ ಎಂದಳು. ಹಸೀನಾ ಹೂಂ ಅಂದಳು.

ಈದ್ ಇನ್ನೂ ಬಂದಿರಲಿಲ್ಲ. ಹಸೀನಾ ಒಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಅಕ್ಕನ ಮನೆಗೆ ಬಂದಳು. ಎದೆಯೊಳಗಿನ ಸಪ್ಪಳ ಕೇಳುತ್ತಿಲ್ಲ ಎಂದಳು. ಹುಸೇನಬಿ ಕಿವಿಯಿಟ್ಟು ನೋಡಿದಳು. ಕೌದಿಯೊಳಗೆ ಸುತ್ತಿಟ್ಟ ಗಡಿಯಾರದ ಹಾಗೆ ಅದು ಮಂಕಾಗಿತ್ತು. ಶಫೀಸಾಬ ಟ್ಯಾಕ್ಸಿ ತಂದ. ಪಣಜಿ ಕಡೆಯ ದೊಡ್ಡಾಸ್ಪತ್ರೆಗೆ ಹೊರಟರು. ಝುವಾರಿ ಸೇತುವೆ ದಾಟುವ ಮೊದಲೇ ಅಕ್ಕನ ತೊಡೆಯ ಮೇಲೆ ಹಸೀನಾಳ ಉಸಿರು ನಿಂತಿತು. ಕವಾಟದ ಮೇಲೆ ರಕ್ತ ಗಡ್ಡೆಕಟ್ಟಿ ಅದು ಕದಲದಾಗಿತ್ತು ಎಂದು ಆಮೇಲೆ ಡಾಕ್ಟರರು ಹೇಳಿದರು.

ಮಣ್ಣು ಮಾಡಿ ಬಂದ ಮೇಲೆ ಗೂಡುಸಾಬ ಹುಸೇನಬಿಯ ಎದುರು ಬಂದು ಕುಳಿತ.

"ಗುಳಿಗಿ ಬಿಟ್ಟಿದ್ದು ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಅವನು ಎದ್ದು ಹೋದ. ಮತ್ತೆ ಆ ಮನೆಗೆ ಕಾಲಿಡಲಿಲ್ಲ.

೧೯೯೬ರಲ್ಲಿ ಹುಸೇನಬಿಗೆ ದಮ್ಮು ತಿರುಗಿ ಬಂತು. ಅಷ್ಟರಲ್ಲಿ ಎದೆ ಕೊಯ್ಯದೆ, ತೊಡೆಯ ನರದಿಂದ ಬಲೂನು ಕಳಿಸಿ ಕವಾಟ ಅಗಲಿಸುವ ಚಿಕಿತ್ಸೆ ಬಂದಿತ್ತು. ಆದರೆ ಅವಳ ಕವಾಟ ಸುಣ್ಣಗಟ್ಟಿ ಕಲ್ಲಾಗಿತ್ತು. ಬದಲಾಯಿಸುವುದೊಂದೇ ದಾರಿ ಎಂದರು. ಶಫೀಸಾಬ ಬೇಡವೆಂದು ಹಟ ಹಿಡಿದ. ಅದೇ ಲೋಹವನ್ನು ಇವಳ ಎದೆಯಲ್ಲೂ ಇಡಿಸಲು ಅವನಿಗೆ ಧೈರ್ಯ ಸಾಲಲಿಲ್ಲ. ಕಾಲು ಬಾತು, ಮಲಗಿದರೆ ಉಸಿರು ಸಿಗದಾದಾಗ ಹುಸೇನಬಿಯೇ ಹೇಳಿದಳು:

"ಆಕಿನ್ನ ಕೊಂದಿದ್ದು ಆ ಕವಾಟ ಅಲ್ರಿ. ಗುಳಿಗಿ ಬಿಟ್ಟಳು, ನಾ ಸುಮ್ನಿದ್ದೆ. ಮಕ್ಕಳು ಇನ್ನೂ ಸಣ್ಣವದಾವ. ನಡೀರಿ ಹೋಗೂಣು."

ಮುಂಬಯಿಯಲ್ಲಿ ಆಪರೇಶನ್ನಿಗೆ ಮೊದಲು ರಕ್ತ ಕೊಡುವವರನ್ನು ಹೊಂದಿಸಿಕೊಳ್ಳಿ ಎಂದರು. ಶಫೀಸಾಬ ಮಡಗಾಂವಿನ ಲಾರಿ ಸ್ಟ್ಯಾಂಡಿಗೆ ಫೋನು ಮಾಡಿ ಊರಿನವರಿಗೆ ಸುದ್ದಿ ಮುಟ್ಟಿಸಿದ. ಮೂರನೆಯ ದಿನ ಇಬ್ಬರು ಬಂದರು. ಅವರಲ್ಲೊಬ್ಬ ಗೂಡುಸಾಬ. ರಕ್ತ ಕೊಟ್ಟ, ಆಸ್ಪತ್ರೆಯವರು ಕೊಟ್ಟ ಚಹಾ ಕುಡಿದ. ವಾರ್ಡಿಗೆ ಹೋಗಿ ಮಾತಾಡಿಸು ಎಂದು ಶಫೀಸಾಬ ಕರೆದರೆ ಬೇಡವೆಂದು ತಲೆಯಾಡಿಸಿ, ಸಂಜೆಯ ಬಸ್ಸಿಗೆ ತಿರುಗಿ ಹೋದ.

ಹುಸೇನಬಿ ಬದುಕಿ ಬಂದಳು. ಗುಳಿಗೆ ತಪ್ಪಿಸಲಿಲ್ಲ. ಅದರಿಂದ ರಕ್ತ ತೆಳುವಾಗಿ, ಹಲಗೆ ತಾಗಿದರೂ ಮೈ ನೀಲಿಗಟ್ಟುತ್ತಿತ್ತು. ಭಾರ ಎತ್ತದೆ ಕೊತ್ತಂಬರಿ, ಪುದೀನವನ್ನಷ್ಟೇ ಮಾರಿದಳು. ರಕ್ತ ಕೊಟ್ಟವರು ಯಾರೆಂದು ಗಂಡ ಹೇಳಿದ್ದು ಗಾಯ ಮಾಗಿದ ಮೇಲೆ. ಮುಂದೆ ಬಂದ ಈದಿಗೆ ಅವಳು, ಈಗ ಮಡ್ಕಯಿಯಲ್ಲೇ ಇದ್ದ ಗೂಡುಸಾಬನ ಖೋಲಿಗೆ ಶೀರಖುರ್ಮಾ ತೆಗೆದುಕೊಂಡು ಹೋದಳು. ಅವನು ಡಬ್ಬಿ ಇಸಕೊಂಡ, ಖಾಲಿ ಮಾಡಿ ತೊಳೆದು ಕೊಟ್ಟ. ಒಳಗೆ ಬನ್ನಿ ಎನ್ನಲಿಲ್ಲ. ಅವಳೂ ಹೊಸ್ತಿಲ ಹೊರಗೇ ನಿಂತಿದ್ದು, ಡಬ್ಬಿ ಹಿಡಿದು ಮಡಗಾಂವಿನ ಬಸ್ಸು ಹತ್ತಿದಳು.