ಮೊಸಿಡಿ ಮುದಿನಾಯಿಗೆ ಪಾಠ ಹೇಳಿದ ಬಗೆ

ತ್ಸ್ವಾಪೊಂಗ್ ಗುಡ್ಡಗಳ ಕೆಳಗೆ ಮೊಸಿಡಿಯ ಆಡಿನ ದೊಡ್ಡಿ. ಅಣ್ಣ ತೀರಿಕೊಂಡ ಮೇಲೆ ಅವನ ಬೇಟೆನಾಯಿ ಬೊಗಾಲೆ ಅವಳ ಪಾಲಿಗೆ ಬಂತು. ಒಂಬತ್ತು ವರ್ಷದ ಮುದಿ ಜೀವ. ಮೊಲಗಳ ಹಿಂದೆ ಓಡಿಯೇ ಆಯುಸ್ಸು ಕಳೆದದ್ದು. ಬಂದ ದಿನವೇ ಆಡುಗಳನ್ನು ಅಟ್ಟಾಡಿಸಿ, ಗಬ್ಬದ ಆಡೊಂದನ್ನು ಮುಳ್ಳುಬೇಲಿಗೆ ಕೆಡವಿತು.

ಸುತ್ತಲಿನವರಿಗೆಲ್ಲ ನಾಯಿ ಪಳಗಿಸಿಕೊಡುತ್ತಿದ್ದ ಮೊಲಾಪಿಸಿ ಬಂದು ನೋಡಿ ನಕ್ಕುಬಿಟ್ಟ.

"ಅಲ್ಲ ಮ್ಮಾ, ಇದಕ್ಕೇನ್ ಕಲಿಸ್ತೀಯ? ಹಲ್ಲೇ ಸವೆದುಹೋಗಿದೆ. ಕಟ್ಟಿಹಾಕಿ ನಾಕು ಬಾರಿಸು. ಬಗ್ಗಲಿಲ್ವೋ, ಒಂದು ಮರಿ ತಂದ್ಕೋ."

"ಹೊಡೆದ್ರೆ ಕಲಿಯೋದಾಗಿದ್ರೆ ರ್ರಾ, ನಮ್ಮಪ್ಪನ ಏಟಿಗೆ ನಾನು ಮೇಷ್ಟ್ರಾಗಿರ್ಬೇಕಿತ್ತು." ಹೆಂಗಸರಿಗೆ 'ಮ್ಮಾ' ಇದ್ದಂತೆ ಗಂಡಸರಿಗೆ ಅಲ್ಲಿ ಗೌರವದ 'ರ್ರಾ'; ಮೊಸಿಡಿ ಅದನ್ನು ಒತ್ತಿಯೇ ಹೇಳಿದಳು.

ಹಾಗೆಂದರೂ ಎರಡು ವಾರ ಗಂಟಲು ಕಟ್ಟುವಷ್ಟು ಕೂಗಿದಳು. ನಾಯಿ ತಿರುಗಿಯೂ ನೋಡಲಿಲ್ಲ. ಒಂದು ಬೆಳಿಗ್ಗೆ ಅದರ ಬೆನ್ನ ಹಿಂದೆಯೇ ಪಾತ್ರೆಯ ಮುಚ್ಚಳ ಠಣ್ಣೆಂದು ಬಿತ್ತು. ಆಡುಗಳು ಚೆದುರಿದವು, ಬೊಗಾಲೆಯ ಕಿವಿ ಅಲುಗಲಿಲ್ಲ. ಒನಕೆಗೆ ಅಂಟಿದ ಜೋಳದ ಹಿಟ್ಟು ಉದುರಿಸಲು ಅದನ್ನು ನೆಲಕ್ಕೆ ಕುಟ್ಟಿದಾಗ ಮಾತ್ರ, ನೆಲ ಅದುರಿದ್ದಕ್ಕೆ ನಾಯಿ ಥಟ್ಟನೆ ತಿರುಗಿತು. ಮೊಸಿಡಿ ಒನಕೆ ಕೆಳಗಿಟ್ಟಳು. ಇಷ್ಟು ದಿನ ಬೈದದ್ದು ಕಿವುಡನನ್ನು!

ಅಂದಿನಿಂದ ಕೂಗು ನಿಂತಿತು. ನೆಲಕ್ಕೆ ಒಮ್ಮೆ ಕಾಲು ಅಪ್ಪಳಿಸುವಳು. ನಾಯಿ ನೋಡಿದರೆ ಅಂಗೈ ಎತ್ತುವಳು, ನಿಲ್ಲು ಎಂದು. ಕೈ ಇಳಿಸಿದರೆ ಮಲಗು. ಹೇಳಿದಂತೆ ಮಾಡಿದರೆ ಪಾತ್ರೆಯ ತಳಹಿಡಿದು ಗಟ್ಟಿಯಾದ ಗಂಜಿಯ ಒಂದು ತುಣುಕು. ವಯಸ್ಸಿಗೆ ಸೊಂಟ ಹಿಡಿದುಕೊಂಡಿದ್ದ ನಾಯಿಯನ್ನು ಕುಕ್ಕುರುಗಾಲಲ್ಲಿ ಕೂರಿಸುವ ಗೋಜಿಗೇ ಹೋಗಲಿಲ್ಲ. ಬಿಸಿಲೇರುವ ಮೊದಲು ಸ್ವಲ್ಪ ಹೊತ್ತು, ಅಷ್ಟೇ. ಅದು ಆಕಳಿಸಿದರೆ ಪಾಠ ಮುಗಿಯಿತು. ಮೊದಲಿಗೆ ಉದ್ದದ ಹಗ್ಗ ಕಟ್ಟಿ, ಸಾಧುವಾದ ಎರಡೇ ಆಡುಗಳ ಜೊತೆ ಬಿಟ್ಟಳು.

"ಏನ್ ಮ್ಮಾ, ನಾಯಿಗೆ ಕುಣಿತ ಕಲಿಸ್ತಿದ್ದೀಯಾ?" ಬೇಲಿಯಾಚೆಯಿಂದ ಮೊಲಾಪಿಸಿ ಕೆಣಕಿದ.

"ಹೂಂ, ನಿನ್ನ ಮದ್ವೇಲಿ ಕುಣಿಸೋಣ ಅಂತ!" ಐವತ್ತು ದಾಟಿದ ಬ್ರಹ್ಮಚಾರಿ ಟೋಪಿ ಕೆಳಗೆಳೆದುಕೊಂಡು ನಡೆದ.

ನಾಲ್ಕು ತಿಂಗಳ ಮೇಲೆ ಅವನು ಮತ್ತೆ ಬಂದಾಗ ಬೊಗಾಲೆ ಹಗ್ಗವಿಲ್ಲದೆ ಆಡುಗಳ ನಡುವೆ ಮಲಗಿತ್ತು. ಅಷ್ಟರಲ್ಲಿ ಪೊದೆಯಿಂದ ಮೊಲವೊಂದು ನೆಗೆಯಿತು. ನಾಯಿ ಎದ್ದು ನಿಂತಿತು, ಮೈಯೆಲ್ಲ ನಡುಗುತ್ತಿತ್ತು. ಮೊಸಿಡಿ ಕಾಲು ಅಪ್ಪಳಿಸಿ ಅಂಗೈ ಎತ್ತಿದಳು. ನಾಯಿ ಮೊಲವನ್ನು ನೋಡಿತು, ಅವಳನ್ನು ನೋಡಿತು. ಅವಳು ಕೈ ಇಳಿಸುತ್ತಿದ್ದಂತೆ ಮೆಲ್ಲನೆ ಮಲಗಿತು.

ಮೊಲಾಪಿಸಿ ಟೋಪಿ ತೆಗೆದ. "ನನ್ನತ್ರಾನೂ ಒಂದು ಮುದಿನಾಯಿ ಇದೆ ಮ್ಮಾ. ಬಾರಿಸ್ತಾನೇ ಬಂದಿದ್ದೀನಿ. ಕರ್ಕೊಂಡ್ ಬರ್ಲಾ?"

"ಅದಕ್ಕೇನು ಕೇಳ್ಸತ್ತೆ, ಎಲ್ಲಿ ನೋಯತ್ತೆ, ಮೊದ್ಲು ನೋಡ್ಕೊಂಡ್ ಬಾ," ಎಂದು ಮೊಸಿಡಿ, ಬೊಗಾಲೆಯ ಎದುರು ಹೋಗಿ ಕುಳಿತು ಅದಕ್ಕೆ ಗಂಜಿಯ ತುಣುಕು ತಿನ್ನಿಸಿದಳು.