ರೊಟ್ಟಿ ಬುಟ್ಟಿಯ ಮರೆ

ಗುಳೇದಗುಡ್ಡದಿಂದ ಬಾದಾಮಿಗೆ ದಿನಾಲು ಸೈಕಲ್ ಮೇಲೆ ಕೆಲಸಕ್ಕೆ ಹೋಗುತ್ತೇನೆ ಅಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಮೊಣಕಾಲು ನೋಡುತ್ತಾರೆ. ಹೋಗಲು ಇಪ್ಪತ್ತು ಕಿಲೋಮೀಟರ್ ಚಿಲ್ಲರೆ, ಬರಲು ಅಷ್ಟೇ. ಬಸ್ಸಿದೆಯಲ್ಲ ಎಂದು ಕೇಳುವವರಿಗೆ ನನ್ನದು ಒಂದೇ ಉತ್ತರ: ಬಸ್ಸಿಗೆ ಅದರ ಹೊತ್ತು ಮುಖ್ಯ, ನನಗೆ ನನ್ನ ಹೊತ್ತು ಮುಖ್ಯ. ಬೆಳಕು ಹರಿಯುತ್ತಲೇ ಎರಡು ಮೂರು ಮಗ್ಗದ ಮನೆಗಳಿಗೆ ಹೋಗಿ, ಹಿಂದಿನ ದಿನ ನೇಯ್ದು ಇಳಿಸಿದ ಖಣಗಳನ್ನು ಅಂಗಳಕ್ಕೆ ತಂದು ನೋಡಿ, ಚೌಕಾಸಿ ಮಾಡಿ, ಗಂಟು ಕಟ್ಟಿ ಕ್ಯಾರಿಯರಿಗೆ ಬಿಗಿದುಕೊಂಡು ಹೊರಡಬೇಕು. ಕುಪ್ಪಸದ ಈ ಬಟ್ಟೆಯನ್ನು ನೀವು ಎಂದೂ ದೀಪದ ಬೆಳಕಿನಲ್ಲಿ ಕೊಳ್ಳಬೇಡಿ. ದೀಪದ ಮುಂದೆ ಎಲ್ಲ ಬಣ್ಣವೂ ಚೆಂದ. ಬಿಸಿಲಿಗೆ ಹಿಡಿದರೆ ಹಸಿರು ತಾನು ಯಾವ ಹಸಿರು ಅಂತ ತಾನೇ ಹೇಳುತ್ತದೆ.

ಬಾದಾಮಿಯ ಅರಿವೆ ಅಂಗಡಿಗೆ ನಾನು ಸೇರಿದಾಗ ಕಸ ಹೊಡೆಯುವುದು, ಗಿರಾಕಿಗಳು ಬಿಚ್ಚಿ ಹೋದ ಸೀರೆ ಮಡಚುವುದು ಇಷ್ಟೇ ನನ್ನ ಕೆಲಸ. ಮಡಚುತ್ತ ಮಡಚುತ್ತ ನೂಲು ಕಲಿತೆ, ನೂಲು ಕಲಿತ ಮೇಲೆ ಗಿರಾಕಿ ಕಲಿತೆ. ಒಂದು ದಿನ ಸಾವುಕಾರರು ಅಂಗಡಿಯ ಹಿತ್ತಾಳೆ ಕೀಲಿಕೈ ನನ್ನ ಅಂಗೈಯಲ್ಲಿಟ್ಟು, "ನಾ ಬರೂದ್ರೊಳಗ ಶಟರ್ ಮ್ಯಾಲ ಹೋಗಿರಬೇಕು, ಒಂಬತ್ತಂದ್ರ ಒಂಬತ್ತು" ಅಂದರು. ಸಂಬಂಧಿಕನಲ್ಲ, ಓಣಿಯವನಲ್ಲ, ಪರ ಊರಿನವನು ನಾನು. ಅವತ್ತು ಬರುವಾಗ ಸೈಕಲ್ ತುಳಿದ ನೆನಪೇ ಇಲ್ಲ. ಹೆಂಡತಿ ನನ್ನ ಅಂಗಿಯ ಒಳಗೆ ಎದೆಯ ಹತ್ತಿರ ಒಂದು ಕಿಸೆ ಹೊಲಿದು ಕೊಟ್ಟಳು. ಹೊಸ ಅಂಗಿ ಹೊಲಿಸಿದಾಗಲೆಲ್ಲ ಆ ಕಿಸೆ ಅದರೊಳಗೆ ಬರುತ್ತದೆ.

ಒಂಬತ್ತು ಯಾಕೆ ಅಂದರೆ, ಹಳ್ಳಿಗಳಿಂದ ಮೊದಲ ಬಸ್ಸಿಗೆ ಬರುವವರು ಕಾಯುವವರಲ್ಲ. ತವರಿಗೆ ಬಂದ ಮಗಳು ಮಧ್ಯಾಹ್ನದ ಬಸ್ಸಿಗೆ ಗಂಡನ ಮನೆಗೆ ಹೊರಡುತ್ತಾಳೆ, ಆಕೆಯ ಉಡಿ ತುಂಬಲು ಖಣ ಬೇಕು. ಬರಿ ಉಡಿಯಲ್ಲಿ ಹೆಣ್ಣುಮಗಳನ್ನು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ಶಟರ್ ಕೆಳಗಿದ್ದರೆ ಅವರು ಎದುರಿನ ಅಂಗಡಿ ಹತ್ತುತ್ತಾರೆ, ಒಮ್ಮೆ ಹತ್ತಿದವರು ಮುಂದಿನ ಮಗಳಿಗೂ ಅಲ್ಲೇ ಹತ್ತುತ್ತಾರೆ.

ಹನ್ನೊಂದು ತಿಂಗಳು ಈ ಒಂಬತ್ತು ನನಗೆ ಕಷ್ಟವಲ್ಲ. ಸೀಟು ಸೊಂಟದ ಎತ್ತರಕ್ಕಿರಲಿ, ಚೈನಿಗೆ ವಾರಕ್ಕೊಮ್ಮೆ ಎಣ್ಣೆ ಬೀಳಲಿ, ಬಾಯಾರುವ ಮೊದಲೇ ನೀರು ಕುಡಿಯಿರಿ, ದೂರದ ಗುಡ್ಡ ನೋಡದೆ ಹತ್ತು ಮಾರು ಮುಂದಿನ ಡಾಂಬರು ನೋಡಿರಿ. ದಾರಿ ತಾನೇ ಕರಗುತ್ತದೆ. ನಾಯಿಗಳಿಗೊಂದು ಬಡಿಗೆ ಇಟ್ಟುಕೊಳ್ಳಿ, ಹೊಡೆಯಲು ಅಲ್ಲ, ತೋರಿಸಲು. ಆದರೆ ಆಷಾಢ ಬಂತೆಂದರೆ ಈ ಸಲಹೆಗಳೆಲ್ಲ ಗಾಳಿಗೆ ಹಾರಿಹೋಗುತ್ತವೆ. ಪಡುವಣ ಗಾಳಿ ಬಾದಾಮಿ ಕಡೆಯಿಂದ ನೇರ ಎದೆಗೆ ಬಡಿಯುತ್ತದೆ. ಸಂಜೆ ಬರುವಾಗ ಅದೇ ಗಾಳಿ ಬೆನ್ನು ನೂಕಿ ಮನೆ ಮುಟ್ಟಿಸುತ್ತದೆ ಅನ್ನಿ, ಆದರೆ ಅಂಗಡಿ ತೆಗೆಯುವುದು ಸಂಜೆಗಲ್ಲವಲ್ಲ.

ಇದಕ್ಕೆ ನಾನು ಕಂಡುಕೊಂಡ ಉಪಾಯವೇ ರೊಟ್ಟಿ ಅಣ್ಣ.

ದಾರಿಯಲ್ಲಿ ಬರುವ ಒಂದು ಹಳ್ಳಿಯವನು ಅವನು. ಅವನ ಹೆಂಡತಿ ಬಡಿದ ಜೋಳದ ಖಡಕ್ ರೊಟ್ಟಿಗಳನ್ನು ಬಾದಾಮಿಯ ಖಾನಾವಳಿಗೆ ಮುಟ್ಟಿಸುವುದು ಅವನ ಕಾಯಕ. ಆಳು ಅಗಲ, ಸೈಕಲ್ ಹಿಂದಿನ ಬಿದಿರು ಬುಟ್ಟಿ ಅವನಿಗಿಂತ ಅಗಲ. ಒಳಗೆ ಬಿಳಿ ಧೋತರ ಹಾಸಿ, ರೊಟ್ಟಿ ಒಟ್ಟಿ, ಮೇಲೆ ಮುಚ್ಚಿ, ಹಳೆಯ ಟ್ಯೂಬಿನಿಂದ ಬಿಗಿದಿರುತ್ತಾನೆ. ಮೊದಲ ಸಲ ಆ ಬುಟ್ಟಿಯ ಹಿಂದೆ ಸೇರಿಕೊಂಡಾಗ ಗಾಳಿ ಯಾರೋ ಕದ ಹಾಕಿದಂತೆ ನಿಂತಿತು. ಆ ಕ್ಷಣವೇ ವ್ಯಾಪಾರ ಶುರು ಮಾಡಿದೆ.

"ಅಣ್ಣಾ, ನಾ ದಿನಾ ನಿನ್ನ ಹಿಂದ ಬರ್ತೇನಿ. ಬುಟ್ಟಿ ಸಡ್ಲಾತು, ರೊಟ್ಟಿ ಬಿತ್ತು ಅಂದ್ರ ಹೇಳಾಕ ಒಬ್ಬ ಬೇಕಲ್ಲ?"

"ಮತ್ತ ನನಗ ಏನ ಖರ್ಚು?" ಅಂದ ಅವನು.

"ಒಡದ ರೊಟ್ಟಿ ನನಗ."

ಒಡೆದ ರೊಟ್ಟಿಯನ್ನು ಖಾನಾವಳಿಯವರು ಹೇಗೂ ತೆಗೆದುಕೊಳ್ಳುವುದಿಲ್ಲ, ಅವನು ಒಪ್ಪಿದ. ಗಾಳಿಯ ಮರೆಯೂ ನನಗೆ, ರೊಟ್ಟಿಯೂ ನನಗೆ. ಇಂಥ ವ್ಯಾಪಾರ ನನ್ನ ಜನ್ಮದಲ್ಲೇ ಕುದುರಿರಲಿಲ್ಲ. ಅವನ ಊರಿನ ಬೇವಿನ ಗಿಡದ ಬುಡದಲ್ಲಿ ಯಾರು ಮೊದಲು ಬಂದರೂ ಇನ್ನೊಬ್ಬರಿಗೆ ಕಾಯುವುದು ಎಂದಾಯಿತು. ಹಿಂದಿನಿಂದ ಬಸ್ಸು, ಲಾರಿ ಬಂದರೆ ನನ್ನ ನಾಯಿ ಬಡಿಗೆಯಿಂದ ಬುಟ್ಟಿಗೆ ಎರಡು ಏಟು ಬಡಿಯುತ್ತಿದ್ದೆ. ಅವನ ಮೇಲಿನ ಪ್ರೀತಿಗಲ್ಲ. ಅವನು ಎಡಕ್ಕೆ ಸರಿದರೆ ನನಗೂ ಸರಿಯಲು ಜಾಗ, ಅದಕ್ಕೆ. ದಾರಿಯುದ್ದಕ್ಕೂ ನಾನು ಮಾತಾಡುತ್ತಿದ್ದೆ. ಟಾಯರು ಯಾವುದು ಹಾಕಿಸಬೇಕು, ಮಗಳ ಮದುವೆಗೆ ಸೀರೆ ಯಾವ ತಿಂಗಳು ಕೊಳ್ಳಬೇಕು, ಕಾಲುನೋವಿಗೆ ಏನು ಹಚ್ಚಬೇಕು. ಅವನು ಕತ್ತು ಹೊರಳಿಸಿ "ಹೂಂ" ಅನ್ನುತ್ತಿದ್ದ. ನನ್ನ ಸಲಹೆಗೆಲ್ಲ ಹೂಂ ಅನ್ನುವ ಮನುಷ್ಯ ಅವನೊಬ್ಬನೇ. ಹೆಂಡತಿಯ ಮುಂದೆ ಎಷ್ಟೋ ಸಲ ಹೇಳಿದ್ದೇನೆ, ತಿಳಿವಳಿಕೆ ಇರುವವನು ಅಂತ.

ಹೋದ ಆಷಾಢದಲ್ಲಿ ಈ ತಿಳಿವಳಿಕೆಯ ಮನುಷ್ಯ ನಿಧಾನವಾದ. ಮೇಲಿಂದ ಮೇಲೆ ಹಿಂದೆ ಹೊರಳಿ ನೋಡುವುದು, ಸೈಕಲ್ ತೂರಾಡುವುದು, ಮತ್ತೆ ಸಾವರಿಸಿಕೊಳ್ಳುವುದು. ವಯಸ್ಸಾಯಿತು ಅಂದುಕೊಂಡೆ. ಅವನ ಹಿಂದೆಯೇ ತೆವಳಿ ಎರಡು ಸಲ ಅಂಗಡಿಗೆ ತಡವಾಗಿ ಮುಟ್ಟಿದೆ. ಎರಡನೆಯ ಸಲ ಸಾವುಕಾರರು ಮುಚ್ಚಿದ ಶಟರಿನ ಮುಂದೆ ನಿಂತಿದ್ದರು.

"ಗಾಳಿ ಭಾಳ ಇತ್ರಿ ಸಾವ್ಕಾರ್ರ."

"ಗಾಳಿ ನಮ್ಮೂರಾಗೂ ಬಿಟ್ಟೈತಿ. ನಾ ಬಂದೇನಲ್ಲ?"

"ನಿಮ್ಮ ಮನಿ ಓಣಿ ದಾಟಿದ್ರ ಅಂಗಡೀರಿ."

"ಅದಕ್ಕ ಹೇಳ್ತೇನಿ ಕೇಳು. ಇನ್ನೊಮ್ಮಿ ತಡಾ ಆತಂದ್ರ ಕೀಲಿಕೈ ಸೊಸಿ ಕೈಯಾಗ ಕೊಡ್ತೇನಿ. ಆಕಿನೂ ಓಣಿ ದಾಟಿದ್ರ ಸಾಕು."

ಅವತ್ತು ಸಂಜೆ ಜೊತೆಗೆ ಮರಳಿ ಬೇವಿನ ಗಿಡದ ಹತ್ತಿರ ಅಗಲುವಾಗ ರೊಟ್ಟಿ ಅಣ್ಣನಿಗೆ ಸ್ಪಷ್ಟವಾಗಿ ಹೇಳಿದೆ. "ಅಣ್ಣಾ, ಸಿಟ್ಟಾಗಬ್ಯಾಡ. ನಾಳಿಂದ ನಾ ಲಗೂನ ಮುಂದ ಹೋಗ್ತೇನಿ, ಇಲ್ಲಂದ್ರ ಕೀಲಿಕೈ ಹೋಗ್ತೈತಿ." ಅವನು ನಕ್ಕು "ಹೂಂ" ಅಂದ. ಎಷ್ಟು ದೊಡ್ಡ ಮನಸ್ಸು ಅನಿಸಿತು.

ಮರುದಿನ ಬೇಗನೆ ಹೊರಟು ಬೇವಿನ ಗಿಡ ದಾಟಿದೆ. ಅವನಿನ್ನೂ ಬಂದಿರಲಿಲ್ಲ. ಊರು ಮುಗಿದು ಬಯಲು ಬಿದ್ದದ್ದೇ ತಡ, ಗಾಳಿ ನನ್ನನ್ನು ಹಿಡಿಯಿತು. ನಾನು ಸಣಕಲು ಆಳು. ಖಣದ ಗಂಟು ಒಂದು ಕಡೆ ಜಗ್ಗುತ್ತದೆ, ಅಂಗಿ ಇನ್ನೊಂದು ಕಡೆ ಹಾರುತ್ತದೆ. ಸ್ವಲ್ಪ ಹೊತ್ತಿಗೆ ಇಳಿದು ಸೈಕಲ್ ನೂಕತೊಡಗಿದೆ. ರೊಟ್ಟಿ ಬುಟ್ಟಿಯ ಬೆಲೆ ಎಷ್ಟು ಅಂತ ಅವತ್ತು ತಿಳಿಯಿತು. ದಿಬ್ಬ ಹತ್ತಿ, ಸಣ್ಣ ಸೇತುವೆಯ ಕಟ್ಟೆಗೆ ಸೈಕಲ್ ಆನಿಸಿ, ನೀರು ಕುಡಿದು ಸುಧಾರಿಸಿಕೊಳ್ಳುತ್ತ ಹಿಂದೆ ನೋಡಿದೆ. ನೇರ ರಸ್ತೆ, ಬಹಳ ದೂರದವರೆಗೆ ಕಾಣುತ್ತದೆ. ಆ ತುದಿಯಲ್ಲಿ ಬುಟ್ಟಿ ಕಂಡಿತು.

ಸ್ವಲ್ಪ ಮುಂದೆ ಬರುತ್ತಿತ್ತು, ನಿಲ್ಲುತ್ತಿತ್ತು. ರಸ್ತೆ ಬಿಟ್ಟು ಕೆಳಗೆ ಇಳಿಯುತ್ತಿತ್ತು. ಒಂದು ಬಸ್ಸು ಹೋದ ಮೇಲೆ ಮತ್ತೆ ರಸ್ತೆಗೆ ಬಂದು, ನಾಲ್ಕು ಸುತ್ತು ತುಳಿದು ಮತ್ತೆ ನಿಲ್ಲುತ್ತಿತ್ತು. ಪಂಕ್ಚರ್ ಅಂದುಕೊಂಡೆ. ಪಂಕ್ಚರ್ ಆದವನು ಹತ್ತುವುದಿಲ್ಲವಲ್ಲ. ಯಾರೂ ಬರದಿದ್ದಾಗಲೂ ಇಳಿದು, ಹಿಂದೆ ನೋಡಿ, ಮತ್ತೆ ಹತ್ತುತ್ತಿದ್ದ. ನನ್ನ ಕೈಯಲ್ಲಿ ಬಡಿಗೆ ಇತ್ತು. ಅದನ್ನು ನೋಡಿದೆ, ಅವನನ್ನು ನೋಡಿದೆ.

ಇನ್ನೂ ಹೊತ್ತಿತ್ತು. ಅಲ್ಲಿಂದ ಕಷ್ಟಪಟ್ಟು ತುಳಿದರೆ ಒಂಬತ್ತಕ್ಕೆ ಮುಟ್ಟುತ್ತಿದ್ದೆ. ಎದೆಯ ಕಿಸೆ ಮುಟ್ಟಿ ನೋಡಿಕೊಂಡೆ. ಆಮೇಲೆ ಸೈಕಲ್ ಹೊರಳಿಸಿದೆ. ಗಾಳಿ ಬೆನ್ನಿಗೆ ಬಂತು, ಪೆಡಲ್ ತುಳಿಯುವ ಕೆಲಸವೇ ಬೀಳಲಿಲ್ಲ.

"ಎಲ್ಲಿ ಸತ್ತಿದ್ದೀಲೇ ತಮ್ಮಾ?" ಅಂದ ರೊಟ್ಟಿ ಅಣ್ಣ. "ಗಿಡದ ಬುಡಕ ಕಾಯ್ದ ಕಾಯ್ದ ಸಾಕಾತು."

"ನಿನ್ನಿ ಹೇಳಿದ್ನೆಲ್ಲೋ ಅಣ್ಣಾ, ಮುಂದ ಹೋಗ್ತೇನಿ ಅಂತ! ಹೂಂ ಅಂದಿ."

ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ. "ಹೂಂ ಅಂದಿರಬೇಕು. ನೀ ಏನ ಹೇಳಿದ್ರೂ ಹೂಂ ಅಂತೇನಿ. ಕೇಳಿಸಿದ್ರಲ್ಲ, ಊಹೂಂ ಅನ್ನಾಕ?"

ಟಾಯರು, ಸೀರೆ, ಕಾಲುನೋವು ಎಲ್ಲ ಒಂದೇ ಸಲ ನೆನಪಾದವು.

"ಯಾವಾಗಿಂದ?" ಅಂತ ಕೂಗಿ ಕೇಳಿದೆ.

"ಎರಡ ವರ್ಷ ಆತು. ಈ ವರ್ಷ ಭಾಳ ಆಗೇತಿ. ಗಾಳಿ ಎದುರಿದ್ರಂತೂ ಹಿಂದ ಆನಿ ಬಂದ್ರೂ ತಿಳಿಯಂಗಿಲ್ಲ. ನಿನ್ನ ಬಡಿಗಿ ಬುಟ್ಟಿಗಿ ಬಡದ್ರ ಸೀಟಿಗಿ ತಿಳೀತೈತಿ, ಸರೀತೇನಿ. ನೀ ಇದ್ದೀಯೋ ಇಲ್ಲೋ ಅಂತ ಹೊರಳಿ ನೋಡ್ಕೋತ ಬರ್ತೇನಿ." ಆಮೇಲೆ ನನ್ನ ಕೈ ಹಿಡಿದ. "ಯಾರ ಮುಂದೂ ಹೇಳಬ್ಯಾಡಪಾ. ಖಾನಾವಳಿ ಅಕ್ಕಗ ತಿಳಿದ್ರ ಮೋಟಾರ್ ಸೈಕಲ್ಲಿನವ್ರ ಕಡಿಂದ ರೊಟ್ಟಿ ತರಿಸ್ತಾಳ. ನಮ್ಮ ಮನಿ ಒಲಿ ಅದ್ರ ಮ್ಯಾಲ ಐತಿ."

ಹೇಳುವುದಿಲ್ಲ ಎಂದು ಅವನ ಕೈ ಮೇಲೆ ಕೈ ಇಟ್ಟೆ. ಬುಟ್ಟಿಗೆ ಎರಡು ಏಟು ಬಡಿದೆ. ಅವನು ಸೈಕಲ್ ಹತ್ತಿದ.

ಬಾದಾಮಿ ಮುಟ್ಟಿದಾಗ ಒಂಬತ್ತು ದಾಟಿ ಬಹಳ ಹೊತ್ತಾಗಿತ್ತು. ಎದುರಿನ ಅಂಗಡಿಯಿಂದ ಇಬ್ಬರು ಹೆಣ್ಣುಮಕ್ಕಳು ಖಣದ ಚೀಲ ಹಿಡಿದು ಇಳಿಯುತ್ತಿದ್ದರು. ಸಾವುಕಾರರು ಕೈ ಚಾಚಿದರು.

"ಯಾಕ ತಡಾ?"

"ಗಾಳಿರಿ."

"ಬಾಯಿಲೇ ಊರ ಮಾರಾವ ನೀ. ಇವತ್ತ ಒಂದ ಮಾತಿನಾಗ ಮುಗಿಸಿದೆಲ್ಲ?"

ಕೀಲಿಕೈ ತೆಗೆದು ಕೊಟ್ಟೆ. ಚೌಕಾಸಿ ಮಾಡದೆ ನಾನು ಯಾರಿಗಾದರೂ ಏನಾದರೂ ಕೊಟ್ಟದ್ದು ಅದೊಂದೇ ಇರಬೇಕು.

ಸಂಜೆ ಹೆಂಡತಿ ಅಂಗಿ ಒಗೆಯಲು ತೆಗೆದುಕೊಂಡವಳು ಕಿಸೆಗೆ ಕೈ ಹಾಕಿ ನಿಂತಳು. "ಕೊಟ್ಟ ಬಂದ್ರ್ಯಾ?" "ಕೊಟ್ಟೆ." ಅಂಗಿ ಹಿಡಿದು ಒಳಗೆ ಹೋದಳು. ಮರುದಿನ ದಾರಿಯಲ್ಲಿ ಎದೆಗೆ ಏನೋ ತಾಕಿದಂತಾಗಿ ನೋಡಿದರೆ ಆ ಕಿಸೆಯಲ್ಲಿ ಒಂದು ಬೆಲ್ಲದ ತುಂಡು, ಒಂದು ಹಿಡಿ ಹುರಿದ ಶೇಂಗಾ ಇದ್ದವು.

ಮುಂದೆ ಹದಿನೈದು ದಿನ ಸಾವುಕಾರರ ಸೊಸೆ ಅಂಗಡಿ ತೆಗೆದಳು. ನಾನು ಬುಟ್ಟಿಯ ಮರೆಯಲ್ಲಿ, ಬಡಿಗೆ ಬಡಿಯುತ್ತ, ಒಂಬತ್ತೂ ಕಾಲಿಗೆ, ಒಮ್ಮೊಮ್ಮೆ ಇನ್ನೂ ತಡವಾಗಿ ಮುಟ್ಟುತ್ತಿದ್ದೆ. ಬೇರೆಯವರು ಎತ್ತಿದ ಶಟರಿನ ಕೆಳಗೆ ತಲೆ ತಗ್ಗಿಸದೆಯೂ ಹೋಗಬಹುದು, ಆದರೆ ನನಗೆ ತಲೆ ತಾನೇ ತಗ್ಗುತ್ತಿತ್ತು.

ಒಂದು ಮಧ್ಯಾಹ್ನ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ಅದನ್ನು ನಡೆಸುವ ಅಕ್ಕ ಪಲ್ಯ ಬಡಿಸುತ್ತ ಕೇಳಿದಳು, "ರೊಟ್ಟಿ ಅಣ್ಣಾರ ಕಿವಿ ಈಗ ಹೆಂಗದಾವರಿ?"

ತುತ್ತು ನೆತ್ತಿಗೆ ಹತ್ತಿತು. "ಯಾವ ಕಿವಿ?"

"ಅಯ್ಯ, ನಾಟಕ ಮಾಡಬ್ಯಾಡ್ರಿ. ಎರಡ ವರ್ಷ ಆತು, ನಾಳಿಗೆ ಎಷ್ಟ ಬೇಕಂತ ನಾ ಬೆರಳಲೇ ತೋರಸಾಕತ್ತು. ಪ್ಯಾಟ್ಯಾಗ ಎಲ್ಲಾರಿಗೂ ಗೊತ್ತೈತಿ."

"ಮತ್ತ ನೀವು ಬ್ಯಾರೇದವ್ರ ಕಡಿಂದ ತರಸೂದಿಲ್ಲೇನ್ರಿ?"

"ರೊಟ್ಟಿ ಬಡಿಯಾಕಿ ಅವ್ರ ಹೆಂಡ್ತಿ. ಆಕಿ ಕೈ ಚಲೋ ಅದಾವಲ್ಲ? ತರಾವ್ರ ಕಿವಿ ತಗೊಂಡ ನಾ ಏನ ಮಾಡ್ಲಿ?"

ಪೇಟೆಗೆಲ್ಲ ಗೊತ್ತಿತ್ತು. ದಿನಾಲು ಎರಡು ಮೊಳ ಹಿಂದೆ ಇದ್ದ ನನ್ನಂಥ ಚಾಲಾಕಿಗೆ ಗೊತ್ತಿರಲಿಲ್ಲ. ಮಾತು ಕಡಿಮೆ ಮಾಡಿ ಎಂದು ನಿಮಗೆ ಸಲಹೆ ಕೊಡಬಹುದು, ಆದರೆ ನಾನೇ ಪಾಲಿಸದ ಸಲಹೆ ಕೊಡುವುದಿಲ್ಲ. ಅವತ್ತು ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ, ಕೀಲಿಕೈಯನ್ನೂ ಸೇರಿಸಿ.

ಆಕೆ ಸಾವುಕಾರರಿಗೆ ಹೇಳಲು ಸಂಜೆಯವರೆಗೂ ಕಾಯಲಿಲ್ಲ ಎಂದು ಕಾಣುತ್ತದೆ. ನಾನು ತಿರುಗಿ ಅಂಗಡಿ ಹತ್ತಿದ ಸ್ವಲ್ಪ ಹೊತ್ತಿಗೇ ಅವರು ನನ್ನ ಮುಂದೆ ಕೀಲಿಕೈ ಇಟ್ಟರು. "ಗಾಳಿ ಅಂದ್ಯಲ್ಲೋ ಅವತ್ತ? ಖರೇ ಹೇಳಾಕ ಏನಾಗಿತ್ತು?"

"ಮಾತ ಕೊಟ್ಟಿದ್ನಿರಿ."

"ತಗೋ. ನಾಳಿಂದ ಒಂಬತ್ತಕ್ಕ."

ನನ್ನ ಕೈ ಮುಂದೆ ಹೋಗಿತ್ತು. ಒಂಬತ್ತು ಅಂದದ್ದೇ ನಿಂತಿತು. "ಆಷಾಢ ಮುಗಿಯೂತನಕ ಒಂಬತ್ತೂವರಿರಿ ಸಾವ್ಕಾರ್ರ."

"ಏನಂದಿ?"

"ಆಷಾಢದಾಗ ಲಗ್ನಾ ಇಲ್ಲ, ಮುಂಜಿವಿ ಇಲ್ಲ. ಉಡಿ ಖಣದವ್ರು ನಾಕ ಮಂದಿ. ಅವ್ರ ಓಣಿ ನನಗ ಗೊತ್ತೈತಿ, ಹಿಂದಿನ ದಿನಾನ ಮುಟ್ಟಿಸಿ ಹೋಗ್ತೇನಿ."

"ಕೀಲಿಕೈ ಕೊಡಾಕ ಬಂದಾವನ ಕೂಡ ಚೌಕಾಸಿ ಮಾಡ್ತೀಯಲ್ಲೋ! ಒಂಬತ್ತೂ ಹತ್ತು."

ಒಳಗಿನಿಂದ ಸೊಸೆ ನಕ್ಕಳು. "ಒಪ್ಪಿಕೊಳ್ರಿ ಮಾವಾರ. ಹುಡುಗ್ರನ್ನ ಸಾಲಿಗಿ ಕಳಿಸಿ ಓಡಿ ಬರೂದ್ರಾಗ ನನಗೂ ಸಾಕಾಗೈತಿ."

ಒಂಬತ್ತೂ ಕಾಲಿಗೆ ಕುದುರಿತು. ನನಗೆ ಮೊದಲಿನಿಂದ ಬೇಕಾಗಿದ್ದೂ ಅಷ್ಟೇ. ಕಾಲು ಬೇಕಾದರೆ ಅರ್ಧ ಕೇಳಬೇಕು, ಇದನ್ನು ಮರೆಯಬೇಡಿ.

ಮರುದಿನ ಕಿಸೆಯಲ್ಲಿ ಕೀಲಿಕೈ ಇತ್ತು, ಅದರ ಜೊತೆ ಬೆಲ್ಲವೂ ಇತ್ತು. ಹೆಂಡತಿ ಯಾವುದನ್ನೂ ತೆಗೆದಿರಲಿಲ್ಲ. ಬೇವಿನ ಗಿಡದ ಬುಡದಲ್ಲಿ ರೊಟ್ಟಿ ಅಣ್ಣ ಕಾಯುತ್ತಿದ್ದ. ಖಾನಾವಳಿ ಅಕ್ಕನಿಗೆ ಗೊತ್ತಿದೆ, ಆದರೂ ರೊಟ್ಟಿ ನಿನ್ನಿಂದಲೇ ಎಂದು ಅವನ ಕಿವಿಯ ಹತ್ತಿರ ಕೂಗಿ ಹೇಳಿದೆ. ಎರಡು ಸಲ ಹೇಳಿಸಿಕೊಂಡ. ಆಮೇಲೆ ಬುಟ್ಟಿಯ ಮೇಲೆ ಕೈಯಿಟ್ಟ. ಅವನ ಭುಜ ಇಳಿದದ್ದು ನನಗೆ ಕಂಡಿತು.

ಅವನು ಸೈಕಲ್ ಹತ್ತಿದ, ಹಿಂದೆ ನಾನು ನನ್ನದನ್ನು ಹತ್ತಿದೆ. ಬಯಲಿಗೆ ಬಂದಾಗ ಗಾಳಿ ಅವನ ಎದೆಗೆ ಬಡಿಯಿತು, ನನಗೆ ಬರಿ ಜೋಳದ ರೊಟ್ಟಿಯ ವಾಸನೆ ಬಂತು. ಒಂದು ಲಾರಿ ಬಂತು, ಬಡಿದೆ, ಇಬ್ಬರೂ ಸರಿದೆವು.

"ಅಣ್ಣಾ," ಎಂದು ಹಿಂದಿನಿಂದ ಕೂಗಿದೆ, "ಇಷ್ಟ ದಿನಾ ಒಡದದ್ದು ತಿಂದೆ. ಇನ್ನ ಮುಂದ ದಿನಾ ಒಂದ ಇಡೀ ರೊಟ್ಟಿ ನನ್ನದು. ಆತೇನು?"

ಅವನು ಕತ್ತು ಹೊರಳಿಸಿ "ಹೂಂ" ಅಂದ.

ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ವ್ಯಾಪಾರದಲ್ಲಿ ಹೂಂ ಅಂದರೆ ಮುಗಿಯಿತು. ಬಾದಾಮಿ ಮುಟ್ಟಿದ ಮೇಲೆ ಧೋತರ ಸರಿಸಿ ಒಂದು ಇಡೀ ರೊಟ್ಟಿ ತೆಗೆದುಕೊಂಡೆ.