ಹಳೇ ಮನಿ ಬಿಡಬ್ಯಾಡ್ರಿ

ಬೈಲಹೊಂಗಲದ ಕಂಪ್ಯೂಟರ್ ಕ್ಲಾಸಿನಲ್ಲಿ ನಮಗೆ ಆಜ್ಞೆ ಟೈಪಿಸಿ ಕಂಪ್ಯೂಟರ್ ನಡೆಸುವ ಡಾಸ್ ಕಲಿಸುತ್ತಿದ್ದ ಅಕ್ಕೋರು, ಪಾಥ್ ಎಂದರೇನೆಂದು ಹೇಳುವಾಗ ಕಣ್ಣು ಮುಚ್ಚುತ್ತಿದ್ದರು.

“ನೀವು ಕರೆದ ಪ್ರೋಗ್ರಾಂನ ಕಂಪ್ಯೂಟರು ಮದಲ ತಾ ನಿಂತ ಜಾಗಾದಾಗ ಹುಡುಕತೈತಿ. ಸಿಗಲಿಲ್ಲಂದ್ರ ನೀವು ಪಾಥ್‌ನ್ಯಾಗ ಬರೆದುಕೊಟ್ಟ ಡೈರೆಕ್ಟರಿಗೋಳಿಗೆ, ಅಂದ್ರ ಪ್ರೋಗ್ರಾಂ ಇರೂ ಮನಿಗೋಳಿಗೆ, ಸಾಲಾಗಿ ಹೋಗತೈತಿ.” ಕೊನೆಗೆ ತಪ್ಪದೆ ಸೇರಿಸುತ್ತಿದ್ದರು: “ಹೊಸಾದು ಬರಿಯೂ ಮುಂದ ಹಳೇ ಮನಿ ಬಿಡಬ್ಯಾಡ್ರಿ.”

ಶಾಲೆಯ ಮಾಸ್ತರನಾಗಿದ್ದ ನಾನೇ ಹಳೇ ಮನಿ ಬಿಟ್ಟೆ. ನಮ್ಮ ಶಾಲೆಯ ಪ್ರಶ್ನೆಪತ್ರಿಕೆ ಅಚ್ಚಾಗಬೇಕಿದ್ದ ದಿನವೇ, ಹೊಸ ಪ್ರೋಗ್ರಾಂ ಎಲ್ಲಿಂದ ಕರೆದರೂ ಬರಲೆಂದು, ಪಾಥ್‌ನಲ್ಲಿ ಅದರ ಡೈರೆಕ್ಟರಿಯೊಂದನ್ನೇ ಬರೆದು ಕ್ಲಾಸಿನ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದೆ. ಪತ್ರಿಕೆ ಟೈಪಿಸಿದ್ದ ಹಳೆಯ ಪ್ರೋಗ್ರಾಂ ಎಷ್ಟು ಕರೆದರೂ ಓಗೊಡಲಿಲ್ಲ.

ಅಕ್ಕೋರು ಬೈಯಲಿಲ್ಲ. ಕಿಟಕಿಯ ಬಿಸಿಲಿಗೆ ಮುಖವೊಡ್ಡಿ, ಕಣ್ಣು ಮುಚ್ಚಿ, ಹಳೆಯ ಡೈರೆಕ್ಟರಿಗಳನ್ನೆಲ್ಲ ಒಂದೊಂದಾಗಿ ಹೇಳಿ ಬರೆಸಿದರು. ಪತ್ರಿಕೆ ಪರದೆಯ ಮೇಲೆ ಬಂತು.

“ಇಷ್ಟೆಲ್ಲ ಹೆಂಗ ನೆನಪಿಟ್ಟೀರಿ?” ಎಂದೆ.

“ನಮ್ಮೂರು ತೊರಗಲ್ಲದ ಕ್ವಾಟಿ ಬಾಗಲದಿಂದ ನಮ್ಮ ಮನಿಮಟ ಯಾರ್ಯಾರ ಮನಿ ಅದಾವಂತ ಹೇಳಿದಂಗ್ರಿ.”

“ನಿಮ್ಮ ಮನಿ ಕೊನೀದೇನ್ರಿ?”

“ಅದು ಬಿದ್ದು ಭಾಳ ವರ್ಷಾತ್ರಿ,” ಎಂದರು, ಕಣ್ಣು ತೆರೆಯದೆ. “ಏನರೆ ಕಳಕೊಂಡ್ರ, ಇವತ್ತಿಗೂ ಕನಸಿನ್ಯಾಗ ಮದಲ ಅಲ್ಲೇ ಹೋಗಿ ಹುಡುಕತೇನಿ.”